ನಲವತ್ತನೇ ಪುಟದ ಸಿಗಡಿ

ಸಿಮೆಂಟ್ ಕಂಪನಿಯೊಂದರ ಹೆಚ್ಚು ಬಡ್ಡಿಯ ಬಾಂಡಿಗೆ ಹೂಡಿಕೆದಾರರು ಓದುವ ದಾಖಲೆ ಬರೆಯಲು ಎರಡು ವಕೀಲ ಸಂಸ್ಥೆಗಳು ತಲಾ ಒಂದು ಕರಡು ತಂದು ಪೈಪೋಟಿಗೆ ಬಿದ್ದವು. ಕೆಲಸ ತಪ್ಪಿದರೆ ಚಿಕ್ಕ ಸಂಸ್ಥೆ ಬಾಗಿಲು ಮುಚ್ಚಬೇಕಿತ್ತು.

ದೊಡ್ಡ ಸಂಸ್ಥೆಯ ಹಾವನೂರರು ಕಂಪನಿ ಮಾಲೀಕರೆದುರು ಗುಡುಗಿದರು: "ಇವರು ನಮ್ಮ ಕರಡನ್ನೇ ಕದ್ದಿದ್ದಾರೆ. ಸಾಲು ಸಾಲೂ ಒಂದೇ. ಹೊರಗೆ ಕಳಿಸಿ!"

ಚಿಕ್ಕ ಸಂಸ್ಥೆಯ ಗುಮಾಸ್ತ ಎರಡೂ ಕರಡು ತಿರುವಿದ. "ಸಾರ್, ನಿಮ್ಮ ನಲವತ್ತನೇ ಪುಟ ಸ್ವಲ್ಪ ಓದ್ತೀರಾ?"

ಹಾವನೂರರು ಗತ್ತಿನಿಂದ ಓದಿದರು: "ಕಂಪನಿಗಿರುವ ಅಪಾಯಗಳು. ಕೊಳದಲ್ಲಿ ರೋಗ ಹರಡಿದರೆ ಸಿಗಡಿಗಳು..."

"ನಮ್ಮ ಭಟ್ಟಿಯಾಗ ಸಿಗಡಿ ಎಲ್ಲಿಂದ ಬಂತ್ರೀ?" ಎಂದರು ಮಾಲೀಕರು.

"ಹೋದ ವರ್ಷ ಸಿಗಡಿ ಸಾಕುವ ಕಂಪನಿಗೆ ನಾವು ಬರೆದದ್ದು ಸಾರ್." ಗುಮಾಸ್ತ ಆ ದಾಖಲೆಯ ಅಚ್ಚಾದ ಪ್ರತಿ ಮುಂದಿಟ್ಟ. "ಸಿಮೆಂಟಿಗೆ ಬರೆಯುವಾಗ ನಾವು ಸಿಗಡಿ ತೆಗೆದ್ವಿ. ಇವರು ಮರೆತ್ರು."

ಕೆಲಸ ಚಿಕ್ಕ ಸಂಸ್ಥೆಗೇ ಸಿಕ್ಕಿತು. ಸರಸರ ಹೊರಟ ಹಾವನೂರರ ಹಿಂದೆ ಗುಮಾಸ್ತ ಕರಡು ಹಿಡಿದು ಓಡಿದ.

"ಸಾರ್, ನಿಮ್ಮ ಸಿಗಡಿ ಇಲ್ಲೇ ಉಳೀತು!"