ತಿರುಗಿ ನೋಡಿದ ಡ್ರೋನ್

"ಗುರುಗಳೇ, ದಾರಿ ತೋರಿಸುವವರು ಯಾರೂ ಇಲ್ಲದ ಕಡೆ ಹೋಗುವುದು ಹೇಗೆ?" ಎಂದು ಶಿಷ್ಯ ಕೇಳಿದ.

ಗುರುಗಳು ತೊಡೆ ತಟ್ಟಿ ನಕ್ಕರು. "ಹೋಗುವುದೇನು ಮಹಾ! ಕೇಳು."

ಬೆಟ್ಟಗಳ ನಡುವೆ ಕುರಿಗಾಹಿಗಳದೊಂದು ಹಟ್ಟಿ. ಅಲ್ಲಿಗೆ ಒಬ್ಬ ಎಂಜಿನಿಯರ್ ಡ್ರೋನ್ ತಂದಿದ್ದ. ಆ ಕಣಿವೆಯಲ್ಲಿ ಉಪಗ್ರಹದ ಸಂಕೇತ ಸಿಗದು. ಅದಕ್ಕೇ ಅವನು ಡ್ರೋನಿಗೆ ಕ್ಯಾಮೆರಾ ಕೂರಿಸಿ, ಕೆಳಗಿನ ಹಳ್ಳ ನೋಡಿಕೊಂಡು ತಾನೇ ಹಾರುವುದನ್ನು ಕಲಿಸಿದ್ದ. ಎಂಥಾ ಜಾಣ!

ಮರುದಿನವೇ ಕುರಿ ಕಾಯುವ ಮಾಳವ್ವನ ಮಗಳಿಗೆ ನಾಗರಹಾವು ಕಚ್ಚಿತು. ಔಷಧಿ ಇರುವುದು ಕೆಳಗಿನ ಪೇಟೆಯ ಆಸ್ಪತ್ರೆಯಲ್ಲಿ. ನಡೆದರೆ ಅರ್ಧ ದಿನ. ಹಟ್ಟಿಯ ನರ್ಸಮ್ಮ ಚೀಟಿ ಬರೆದು ಡ್ರೋನಿಗೆ ಕಟ್ಟಿದರು. ಹುಡುಗಿಯ ರೆಪ್ಪೆ ಆಗಲೇ ಜೋಲುತ್ತಿತ್ತು.

"ನಿನ್ನ ಡ್ರೋನು ತಿರುಗಿ ನೋಡ್ತದೇನಪ್ಪಾ?" ಮಾಳವ್ವ ಎಂಜಿನಿಯರನನ್ನು ಕೇಳಿದಳು.

"ಒಳ್ಳೆ ಕೆಲಸಕ್ಕೆ ಹೊರಟವರು ತಿರುಗಿ ನೋಡಬಾರದು, ಅವ್ವಾ."

"ನಿನ್ನ ಶಾಸ್ತ್ರಕ್ಕೆ ಬೆಂಕಿ ಬೀಳಲಿ! ಇಳಿಯುವಾಗ ಹಳ್ಳಗಳೆಲ್ಲ ಒಂದಕ್ಕೊಂದು ಕೂಡ್ತವೆ, ಕುರುಡನೂ ಪೇಟೆ ಮುಟ್ತಾನೆ. ಏರುವಾಗ ಅವೇ ಏಳು ಕವಲು! ಕುರಿ ಹೊಡಕೊಂಡು ಹೋಗುವಾಗ ನಾವು ಹಳ್ಳ ಕೂಡಿದಲ್ಲೆಲ್ಲ ನಿಂತು ತಿರುಗಿ ನೋಡ್ತೀವಿ. ಔಷಧಿ ಇರೋದು ಹೋಗುವಾಗಲೋ, ಬರುವಾಗಲೋ?"

ಎಂಜಿನಿಯರ್ ಅಲ್ಲೇ ನೆಲದ ಮೇಲೆ ಕುಕ್ಕರಿಸಿ ಲ್ಯಾಪ್‌ಟಾಪ್ ಬಿಚ್ಚಿದ. ಹಳ್ಳ ಕೂಡುವಲ್ಲೆಲ್ಲ ನಿಲ್ಲು, ಹಿಂದಕ್ಕೆ ತಿರುಗು, ಬಂದ ಕವಲನ್ನು ನೆನಪಿಟ್ಟುಕೋ ಎಂದು ಬರೆದ. ಹತ್ತು ನಿಮಿಷ ಹಿಡಿಯಿತು. ಮಾಳವ್ವನಿಗೆ ಅದು ಹತ್ತು ಯುಗ. ಆಮೇಲೆ ಡ್ರೋನನ್ನು ಹಾರಿಬಿಟ್ಟ.

ಒಂದು ಗಂಟೆ ಕಳೆಯಿತು. ಹುಡುಗಿಯ ಮಾತು ತೊದಲಿತು. ಹಟ್ಟಿಗೆ ಹಟ್ಟಿಯೇ ಕಣಿವೆಯ ಕಡೆ ಕಣ್ಣು ನೆಟ್ಟು ನಿಂತಿತ್ತು. ಆಗ ಕೇಳಿಸಿತು ನೋಡು, ಗುಂಯ್ ಎಂಬ ಸದ್ದು! ಬಂತಯ್ಯಾ, ಬಂತು! ಏಳು ಕವಲಲ್ಲಿ ಒಂದನ್ನೂ ತಪ್ಪದೆ, ಔಷಧಿ ಹೊತ್ತು ಬಂತು! ನರ್ಸಮ್ಮ ಓಡಿಬಂದು ಚುಚ್ಚುಮದ್ದು ಕೊಟ್ಟರು. ಹೊತ್ತು ಮುಳುಗುವ ಮುಂಚೆ ಹುಡುಗಿ ಕಣ್ಣು ಬಿಟ್ಟು ನೀರು ಕೇಳಿದಳು. ಮಾಳವ್ವ ಗೊಳೋ ಎಂದು ಅತ್ತಳು. ಎಂಜಿನಿಯರ್ ಹುಚ್ಚನ ಹಾಗೆ ಕುಣಿದ.

"ಅಬ್ಬಾ!" ಶಿಷ್ಯ ಎದ್ದೇ ನಿಂತ. "ಹಾಗಾದರೆ ಇನ್ನು ನಾನು ಎಲ್ಲಿಗೆ ಬೇಕಾದರೂ ಹೋಗಬಲ್ಲೆ, ಗುರುಗಳೇ!"

"ಮಠಕ್ಕೆ ಬಂದು ಹನ್ನೆರಡು ವರ್ಷವಾಯಿತಲ್ಲ, ನಿಮ್ಮವ್ವನ ಮನೆಗೆ ದಾರಿ ಯಾವುದು, ಹೇಳು ನೋಡೋಣ."