ಕೊನೆಯ ಪ್ಯಾರಾ

ಒಂದು ಜಿಲ್ಲಾ ಪತ್ರಿಕೆಗೆ ಗುರುಪಾದ ಮತ್ತು ಜಯಶೀಲಾ ಒಂದೇ ದಿನ ವರದಿಗಾರರಾಗಿ ಸೇರಿದರು. ಕುರ್ಚಿ ಅಕ್ಕಪಕ್ಕ, ಚಹಾ ಒಂದೇ ಅಂಗಡಿಯದು. ಮುಂದೆ ಮಾತ್ರ ದಾರಿ ಬೇರೆಯಾಯಿತು. ಜಯಶೀಲಾಳ ವರದಿ ಮುಖಪುಟಕ್ಕೆ ಬಂತು. ಗುರುಪಾದನ ಹೊಟ್ಟೆ ಉರಿಯಿತು. ಅವಳು ಮುಖ್ಯ ವರದಿಗಾರ್ತಿಯಾದಳು. ಇನ್ನಷ್ಟು ಉರಿಯಿತು. ಆಮೇಲೆ ಅವಳು ಪತ್ರಿಕೆ ಬಿಟ್ಟು ಒಂದು ಸಕ್ಕರೆ ಕಾರ್ಖಾನೆಯ ಸಾರ್ವಜನಿಕ ಸಂಪರ್ಕಾಧಿಕಾರಿಯಾಗಿ ಹೋದಳು. ಪೀಡೆ ತೊಲಗಿತು ಎಂದುಕೊಂಡ. ಎಲ್ಲಿ ತೊಲಗೀತು? ಅವಳ ಪತ್ರಿಕಾ ಪ್ರಕಟಣೆಗಳು ದಿನಾ ಅವನ ಮೇಜಿಗೇ ಬರತೊಡಗಿದವು. ತಿದ್ದಲು ಒಂದು ತಪ್ಪೂ ಸಿಗುತ್ತಿರಲಿಲ್ಲ. ಪಾಪ, ಅವನಿಗೆ ಊಟವೂ ಸೇರದಾಯಿತು.

ಹೀಗಿರಲು ಜಯಶೀಲಾ ಬರೆದ ಪುಸ್ತಕಕ್ಕೆ ದೊಡ್ಡ ಪ್ರಶಸ್ತಿಯೊಂದು ಬಂತು. ಸಂಪಾದಕರು ಗುರುಪಾದನನ್ನು ಕರೆದರು.

"ಭಾನುವಾರದ ಪುರವಣಿಗೆ ಆಕಿ ಮ್ಯಾಲೆ ಒಂದು ಲೇಖನ ಬರೀರಿ. ನಿಮ್ಮಷ್ಟು ಆಕಿನ್ನ ಬಲ್ಲವರು ಯಾರದಾರ? ನಿಮ್ಮ ಹೆಸರೂ ಹಾಕೋಣು."

ಪುರವಣಿಯಲ್ಲಿ ತನ್ನ ಹೆಸರು. ಗುರುಪಾದ ಸೇರಿದಂದಿನಿಂದ ಕಾದದ್ದು ಅದಕ್ಕೇ. 'ನಮ್ಮ ವರದಿಗಾರರಿಂದ' ಎಂದು ಬರೆದೂ ಬರೆದೂ ಅವನ ತಲೆ ನರೆತಿತ್ತು. ಆದರೆ ಆ ಹೆಸರು ಅವಳನ್ನು ಹೊಗಳಿಯೇ ಬರಬೇಕೇ? ಬೇಡ ಎನ್ನಲೂ ಮನಸ್ಸಿಲ್ಲ, ಬರೆಯಲೂ ಮನಸ್ಸಿಲ್ಲ.

ಪತ್ರಿಕೆಯವರಿಗೆಲ್ಲ ಗೊತ್ತಿರುವ ಒಂದು ಸಂಗತಿಯಿದೆ. ಜಾಹೀರಾತು ಬಂದು ಜಾಗ ಕಡಿಮೆಯಾದರೆ ಲೇಖನವನ್ನು ಕತ್ತರಿಸುವುದು ಕೆಳಗಿನಿಂದ. ಅದಕ್ಕೇ ಮುಖ್ಯವಾದದ್ದನ್ನು ಮೇಲಿಡುತ್ತಾರೆ. ಗುರುಪಾದ ಅದನ್ನು ತಿರುವು ಮುರುವು ಮಾಡಿದ. ಅವಳ ಹುದ್ದೆ, ಪುಸ್ತಕ, ಪ್ರಶಸ್ತಿ ಎಲ್ಲವನ್ನೂ ಕೊನೆಗೆ ತಳ್ಳಿದ. ಮೇಲೆ ಅವಳನ್ನು ಸಣ್ಣವಳಾಗಿ ಕಾಣಿಸುವ ಸಂಗತಿಗಳನ್ನೇ ಹುಡುಕಿ ತುಂಬಿದ. ಮೊದಲ ವರದಿಯನ್ನು ಸಂಪಾದಕರು ಹರಿದು ಹಾಕಿದಾಗ ಅತ್ತದ್ದು. ಬಸ್ಸು ತಪ್ಪಿ, ಹರಿದ ಚಪ್ಪಲಿ ಕೈಯಲ್ಲಿ ಹಿಡಿದು ಹಳ್ಳಿಯಿಂದ ನಡೆದೇ ಕಚೇರಿಗೆ ಬಂದದ್ದು. ಅಪಘಾತದಲ್ಲಿ ಸತ್ತವನ ಹೆಸರು ತಪ್ಪು ಬರೆದು, ಮರುದಿನ ಅವನ ಹೆಂಡತಿಯ ಮುಂದೆ ಕೈಮುಗಿದು ನಿಂತದ್ದು. ಓದಿದವರು ನಗಲಿ ಎಂಬುದು ಅವನ ಆಸೆ.

ಅವನೆಣಿಸಿದಂತೆಯೇ ಶನಿವಾರ ಸೀರೆ ಅಂಗಡಿಯ ಜಾಹೀರಾತು ಬಂತು. ಕತ್ತರಿ ಬಿತ್ತು.

ಭಾನುವಾರ ಬೆಳಿಗ್ಗೆ ಗುರುಪಾದ ಪುರವಣಿ ಬಿಡಿಸಿದ. ಲೇಖನದಲ್ಲಿ ಹುದ್ದೆಯಿಲ್ಲ, ಪ್ರಶಸ್ತಿಯಿಲ್ಲ. ಹಿಗ್ಗಿನಿಂದ ಕೆಳಗೆ ನೋಡಿದ. ಅವನ ಹೆಸರೂ ಇಲ್ಲ. ಆ ಪುರವಣಿಯಲ್ಲಿ ಬರೆದವರ ಹೆಸರು ಬರುವುದು ಲೇಖನದ ಕಟ್ಟಕಡೆಗೆ. ಹೊಟ್ಟೆಕಿಚ್ಚಿನ ಭರದಲ್ಲಿ ಅದೊಂದು ಅವನಿಗೆ ಮರೆತೇ ಹೋಗಿತ್ತು. ಮಾಡಿದ್ದುಣ್ಣೋ ಮಹಾರಾಯ.

ಅಷ್ಟಕ್ಕೇ ಮುಗಿಯಲಿಲ್ಲ. ಕಚೇರಿಗೆ ಹೋದರೆ ಫೋನಿಗೆ ಬಿಡುವೇ ಇಲ್ಲ. ಆಕೆ ಕೈಮುಗಿದು ನಿಂತದ್ದನ್ನು ಓದಿ ಕಣ್ಣು ತುಂಬಿತು ಎಂದರು ಒಬ್ಬರು. ಇಷ್ಟು ಚಂದ ಬರೆದವರು ಯಾರು ಎಂದರು ಇನ್ನೊಬ್ಬರು. "ನಾನ ಬರದದ್ದು" ಎಂದ ಗುರುಪಾದ.

"ಹಂಗಾದ್ರ ಹೆಸರ್ಯಾಕ ಹಾಕಿಲ್ರಿ?" ಎಂದು ನಕ್ಕು ಆ ಓದುಗ ಫೋನಿಟ್ಟ.

ಸಂಜೆ ಜಯಶೀಲಾಳೇ ಫೋನು ಮಾಡಿದಳು.

"ಗುರುಪಾದ, ನೀವ ಬರದೀರಿ ಅಂತ ಓದಿದ ಕೂಡ್ಲೆ ಗೊತ್ತಾತು. ಆವತ್ತು ನನ್ನ ಚಪ್ಪಲಿ ಹರಿದದ್ದು ನೋಡಿದವರು ನೀವೊಬ್ರ. ನನ್ನ ಹುದ್ದೆ ಬಗ್ಗೆ ಎಲ್ಲಾರೂ ಬರೀತಾರ. ನಾ ನಡದ ದಾರಿ ಬಗ್ಗೆ ಯಾರೂ ಬರದಿರಲಿಲ್ಲ."

ಗುರುಪಾದ ಮೇಜಿನ ಮೇಲಿದ್ದ ಪುರವಣಿಯನ್ನು ಮಡಚಿ ಪಕ್ಕಕ್ಕಿಟ್ಟ.

"ಪ್ರಶಸ್ತಿ ಗಿಶಸ್ತಿ ಎಲ್ಲಾ ಕೊನಿಗಿಟ್ಟಿದ್ರಿ, ಹೌದಲ್ರಿ?" ಅವಳೂ ಅದೇ ಕಚೇರಿಯಲ್ಲಿ ಕೆಲಸ ಕಲಿತವಳು.

"ಹೌದ್ರಿ" ಎಂದ. ಸುಳ್ಳು ಹೇಳಲು ಬಾಯಿ ಬರಲಿಲ್ಲ.

"ನಿಮ್ಮ ಹೆಸರೂ ಅಲ್ಲೇ ಇತ್ತಲ್ರಿ" ಎಂದಳು ಜಯಶೀಲಾ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಮರುಕವಿತ್ತು. ಅವನಿಗೆ ಚುಚ್ಚಿದ್ದು ಅದೇ.

ನೀತಿ: ಇನ್ನೊಬ್ಬರ ಹೆಸರಿಗೆ ಹಿಡಿದ ಕತ್ತರಿ ಮೊದಲು ಕತ್ತರಿಸುವುದು ನಮ್ಮ ಹೆಸರನ್ನೇ.