ಹಬ್ಬಕ್ಕೆ ಮುಂಚೆ ಒಡೆದ ಕುಂಬಳಕಾಯಿ

ಕಣ್ಣು ಮುಚ್ಚಿಕೋ ಕೂಸೇ, ಹ್ಞೂಂ ಅಂತಿದ್ದರೆ ಸಾಕು. ಹೊಳೆಗೆ ಇನ್ನೂ ಯಾರೂ ಹೆಸರಿಡದೇ ಇದ್ದ ಒಂದು ಕಾಲದಲ್ಲಿ, ಈಚೆ ದಡಕ್ಕೆ ಹೊಂಗೇಕೋಟೆ, ಆಚೆ ದಡಕ್ಕೆ ತಾರೇಕೋಟೆ ಅಂತ ಎರಡು ರಾಜ್ಯ ಇದ್ದವಂತೆ. ಇಲ್ಲಿ ಕೋಳಿ ಕೂಗಿದರೆ ಅಲ್ಲಿಯವರು ಏಳ್ತಿದ್ದರಂತೆ. ಅಷ್ಟು ಹತ್ತಿರ, ಆದರೂ ರಾಜರಿಬ್ಬರಿಗೂ ಆಗಿಬರ್ತಿರಲಿಲ್ಲವಂತೆ.

ಒಂದು ವರ್ಷ ಹೊಂಗೇಕೋಟೆ ರಾಜನ ಹತ್ತಿರ ಅಂಬಿಗ ಬಂದು, ಆಚೆ ದಡದಲ್ಲಿ ಹೊಸ ಹರಿಗೋಲು ಹೆಣೀತಾವ್ರೆ ಬುದ್ಧಿ, ಎಣಿಸೋಕಾಗಲಿಲ್ಲ ಅಂದನಂತೆ. ಮೀನು ಹಿಡಿಯೋಕಿರಬೇಕು ಬಿಡು ಅಂದನಂತೆ ರಾಜ. ಆಮೇಲೆ ಗಾಣದವನು ಬಂದು, ಅಲ್ಲಿ ಮನೆಮನೇಲೂ ಹುರಿಹಿಟ್ಟು ಬೀಸ್ತಾವ್ರೆ, ದಾರಿ ಬುತ್ತಿಗೇ ಇರಬೇಕು ಅಂದನಂತೆ. ನಿನಗೆ ಹಸಿವಾಗಿತ್ತೇನೋ ಅಂತ ರಾಜ ನಕ್ಕನಂತೆ. ಹಬ್ಬ ಹತ್ತಿರ ಬಂತು, ಆಯುಧಪೂಜೆ ದಿನ ಅವರ ಕತ್ತೀನೂ ಮಣೆ ಮೇಲೆ, ನಮ್ಮ ಕತ್ತೀನೂ ಮಣೆ ಮೇಲೆ, ಪೂಜೆಗಿಟ್ಟಿದ್ದನ್ನ ಮಾರನೇ ದಿನದ ತನಕ ಯಾರು ಮುಟ್ಟುತಾರೆ ಅಂತ ಅವನ ಧೈರ್ಯ.

ಮೂರನೆಯವಳು ಬಳೆ ಮಾರೋ ದೇವೀರಮ್ಮ. ಮಗಳು ಚೆಲುವಿಯನ್ನ ತಾರೇಕೋಟೆಗೇ ಕೊಟ್ಟಿದ್ದಳಂತೆ, ಅಳಿಯ ಅಲ್ಲಿ ಸಿಪಾಯಿ. ಬಳೆ ಹೊತ್ತು ಅಲ್ಲಿಗೆ ಹೋದವಳು ನೋಡ್ತಾಳೆ, ಆಯುಧದ ಮನೆ ಬಾಗಿಲಲ್ಲಿ ಒಡೆದ ಬೂದುಗುಂಬಳಕಾಯಿ, ಹೋಳಿನ ತುಂಬ ಕುಂಕುಮ. ಹಬ್ಬಕ್ಕೆ ಇನ್ನೂ ಹತ್ತು ದಿನ ಇದೆ, ಪೂಜೆ ಆಗಲೇ ಮುಗಿದಿದೆ. ಮಗಳು ಬಳೆ ಇಡಿಸಿಕೊಳ್ತಾ, ಈ ಹಬ್ಬಕ್ಕೆ ಇಲ್ಲೇ ಇದ್ದುಬಿಡವ್ವ, ಊರಿಗೆ ಹೋಗಬೇಡ ಅಂತ ತಲೆ ತಗ್ಗಿಸಿದಳಂತೆ. ಹಬ್ಬದ ದಿನ ಇವರ ಕತ್ತಿ ಮಣೆ ಮೇಲಿರಲ್ಲ, ಕೈಯಲ್ಲಿರುತ್ತೆ ಅಂತ ದೇವೀರಮ್ಮನಿಗೆ ತಿಳೀತು. ಹೇಳಿದರೆ ಅಳಿಯನ ಎದೆಗೆ ಬಾಣ, ಹೇಳದಿದ್ದರೆ ತನ್ನೂರಿಗೆ ಬೆಂಕಿ. ಹರಿಗೋಲಿನಲ್ಲಿ ವಾಪಸು ಬರುವಾಗ, ಯಾವ ದಡವೂ ಬಾರದೇ ಹಿಂಗೇ ತೇಲ್ತಿದ್ದರೆ ಸಾಕು ಅನ್ನಿಸಿತಂತೆ ಅವಳಿಗೆ.

ದಡ ಬಂತು. ಹೋಗಿ ಹೇಳಿದಳು. ಬಳೆಯವಳೂ ಯುದ್ಧದ ಮಾತಾಡೋ ಕಾಲ ಬಂತೇ ಅಂತ ಮಂತ್ರಿ ಹಂಗಿಸಿದನಂತೆ. ಕುಂಬಳಕಾಯಿ ಅಂದ ಕೂಡಲೇ ರಾಜನ ನಗು ಮಾತ್ರ ನಿಂತುಹೋಯಿತಂತೆ.

"ನನಗೇನೂ ಕೊಡಬೇಡಿ ಬುದ್ಧಿ. ಆ ಸೈನ್ಯದಲ್ಲಿ ನನ್ನ ಅಳಿಯ ಅವ್ನೆ. ನಿಮ್ಮ ಕೈ ಮೊದಲು ಏಳಬಾರದು, ಅಷ್ಟೇ."

ಆವತ್ತೇ ಹೊಂಗೇಕೋಟೇಲೂ ಸದ್ದಿಲ್ಲದೆ ಪೂಜೆ ಮಾಡಿ ಮುಗಿಸಿದರಂತೆ.

ಆಮೇಲೆ ಹಬ್ಬದ ಬೆಳಗ್ಗೆ, ಹೊಳೆ ಮೇಲೆ ಹಾಲಿನಂಥ ಮಂಜು. ಅದರೊಳಗೆ ತಾವರೆ ಎಲೆ ತೇಲಿಬಂದ ಹಂಗೆ ನೂರಾರು ಹರಿಗೋಲು ಬಂದವಂತೆ. ಮಂಜು ಕರಗಿತು. ನೋಡಿದರೆ ಈಚೆ ದಡದುದ್ದಕ್ಕೂ ಸೈನ್ಯ, ಕತ್ತಿ ಮೇಲೆಲ್ಲ ಕುಂಕುಮ, ಯಾರ ಕೈಯೂ ಎದ್ದಿಲ್ಲ. ಹರಿಗೋಲು ನಡುನೀರಲ್ಲಿ ಸುಮ್ಮನೆ ಸುತ್ತುತಾ ನಿಂತವಂತೆ.

"ಪೂಜೆ ಆಯ್ತಾ?" ಅಂದನಂತೆ ಈಚೆ ರಾಜ.

ಆಚೆ ರಾಜ ಹರಿಗೋಲಿನಿಂದಲೇ, "ಆಯ್ತು. ನಿಮ್ಮದು?"

"ನಮ್ಮದೂ ಆಯ್ತು."

ಇನ್ನೇನು ಮಾತು. ಹರಿಗೋಲು ಒಂದೊಂದಾಗಿ ಹಿಂದಕ್ಕೆ ತಿರುಗಿದವಂತೆ.

ಆಮೇಲೆ ಇಬ್ಬರೂ ರಾಜರು ಕೂತು ಒಂದು ಕಟ್ಟಳೆ ಮಾಡಿಕೊಂಡರಂತೆ. ಪ್ರತಿ ವರ್ಷ ಆಯುಧಪೂಜೆಗೆ ಈ ಊರಿನವರೊಬ್ಬರು ಆ ಊರಿಗೆ, ಆ ಊರಿನವರೊಬ್ಬರು ಈ ಊರಿಗೆ ಹೋಗಿ, ಕತ್ತಿ ಎಲ್ಲಾ ಮಣೆ ಮೇಲೆ ಕೂತಿದಾವಾ ಅಂತ ನೋಡ್ಕೊಂಡು ಬರಬೇಕು. ಇಲ್ಲಿಂದ ಹೋಗ್ತಿದ್ದೋಳು ದೇವೀರಮ್ಮನೇ. ಅಳಿಯ ಹೊಳೆ ತನಕ ಬಂದು ಕರ್ಕೊಂಡು ಹೋಗ್ತಿದ್ದನಂತೆ, ಮಗಳು ಹೋಳಿಗೆ ಬಡಿಸ್ತಿದ್ದಳಂತೆ. ಅವಳು ಊಟ ಮುಗಿಸಿ ಮಗಳ ಮನೇಲೇ ಮಲಗಿದಳು, ಕತೇನೂ ಮಲಗಿತು, ನೀನೂ ಮಲಕ್ಕೋ.